ವಲ್ಲಿಯ ಮೇಲಿನ ಮಾತು

ಪುಣೆ, ಭವಾನಿ ಪೇಠ
12 ಅಕ್ಟೋಬರ್ 1936

ಗೆಳೆಯ ಈರಬಸಪ್ಪನಿಗೆ ಫಕೀರಪ್ಪನ ಶರಣು.

ಅಕ್ಷರ ನೋಡಿದೊಡನೆ ಕಾಗದ ಯಾರದೆಂದು ನಿನಗೆ ತಿಳಿದಿರುತ್ತದೆ. ಒಲೆಗೆ ಹಾಕುವುದಿದ್ದರೆ ಪೂರ್ತಿ ಓದಿ ಹಾಕು. ನಾನು ನಿನಗೆ ಬರೆದು ಒಂಬತ್ತು ವರ್ಷವಾಗುತ್ತ ಬಂತು. ಇನ್ನೊಂದು ಗಳಿಗೆ ತಡೆದರೆ ನಿನ್ನ ಒಲೆಗೇನೂ ನಷ್ಟವಿಲ್ಲ.

ಇಲ್ಲಿ ಎಲ್ಲರೂ ಆರಾಮ. ಬೆಲ್ಲದ ಅಡತಿ ವ್ಯಾಪಾರ ದೇವರು ಇಟ್ಟಂತೆ ನಡೆದಿದೆ. ಅವ್ವನಿಗೆ ಎಪ್ಪತ್ತಾರು ದಾಟಿದವು. ಕಣ್ಣು ಮಂಜಾಗಿವೆ, ಮೊಣಕಾಲು ಹಿಡಿದಿವೆ, ನಾಲಿಗೆ ಮಾತ್ರ ಬೈಲಹೊಂಗಲದಲ್ಲಿ ಇದ್ದಷ್ಟೇ ಚುರುಕು. ಟಾಂಗಾದ ಮೆಟ್ಟಿಲು ಹತ್ತುವುದು ಅವಳಿಂದ ಆಗುವುದಿಲ್ಲ. ಅದಕ್ಕೇ ಈ ವರ್ಷ ಒಂದು ಹೊಸ ಮೋಟಾರು ಕೊಳ್ಳಬೇಕೆಂದು ಮಾಡಿದ್ದೇನೆ. ಅವಳಿಗೆ ಹೇಳಿದೆ. ಹೇಳಿದ್ದೇ ತಪ್ಪಾಯಿತು.

"ನಾಲ್ಕು ಕಾಲಿಂದು ಏನೇ ತರೋದಿದ್ರೂ ಈರ್ಯಾ ನೋಡಬೇಕು" ಎಂದಳು. "ಅವನ ಕೈಯಾಗ ಬೆಲಿ ಆಗಲಾರದ್ದು ನಮ್ಮನಿ ಅಂಗಳಕ್ಕ ಬರಬಾರದು."

"ಯವ್ವಾ, ಅದು ಎತ್ತಲ್ಲ, ಮೋಟಾರು. ಕಬ್ಬಿಣದ್ದು" ಎಂದೆ.

"ಕಬ್ಬಿಣದ್ದಾದ್ರ ಏನಾತು? ಬೆಲಿ ಇಲ್ಲೇನ ಅದಕ್ಕ?"

ಇದಕ್ಕೆ ಏನು ಹೇಳಲಿ? ಬೆಲೆ ಇದೆ, ಭಾಳ ಇದೆ. ಕ್ಯಾಂಪಿನ ಮೇನ್ ಸ್ಟ್ರೀಟಿನಲ್ಲಿ ಒಬ್ಬ ಪಾರ್ಸಿ ಸೇಠನ ಅಂಗಡಿ. ಬೋಣಿ ಗಿರಾಕಿಯನ್ನು ಯಾರೂ ಬರಿಗೈಲಿ ಕಳಿಸುವುದಿಲ್ಲವೆಂದು ಬಾಗಿಲು ತೆಗೆಯುವ ಹೊತ್ತಿಗೇ ಹೋಗಿ ನಿಂತೆ. ದಿಗಂಬರಪಂತ ಎಂಬ ಗುಮಾಸ್ತ ಸೂಟು ಹಾಕಿಕೊಂಡು ಬಂದು ನಕ್ಕು ಕೈ ಮುಂದೆ ಚಾಚಿದ. ನೀನು ನಗಬೇಡ. ಬೆಲೆಯ ಮಾತಿಗೆ ಬಂದವನ ಮುಂದೆ ಒಬ್ಬ ಕೈ ಚಾಚಿದರೆ ನಮ್ಮ ಸಂತೆಯವರು ಏನು ಮಾಡುತ್ತಾರೆ? ಹೆಗಲ ಮೇಲಿನ ವಲ್ಲಿ ತೆಗೆದು ಅವನ ಕೈಮೇಲೆ ಹೊದಿಸಿದೆ, ಕೆಳಗಿನಿಂದ ಅವನ ಬೆರಳು ಹಿಡಿದೆ. ಅವನು ಗಾಬರಿಯಾಗಿ ಕೈ ಕಿತ್ತುಕೊಂಡು, ಏನಾದರೂ ಹತ್ತಿದೆಯೋ ಎಂದು ತಿರುಗಿಸಿ ತಿರುಗಿಸಿ ನೋಡಿಕೊಂಡ. ಸಾಹೇಬರು ಸುಮ್ಮನೆ ಕೈ ಕುಲುಕುತ್ತಾರೆ, ಅದರಲ್ಲಿ ಬೆಲೆ ಇರುವುದಿಲ್ಲ ಎಂಬುದು ಇಪ್ಪತ್ತು ವರ್ಷ ಪುಣೆಯಲ್ಲಿದ್ದವನಿಗೆ ಗೊತ್ತಿರಬೇಕಿತ್ತು. ಗೊತ್ತಿದೆ. ಆದರೆ ಕೈಗೆ ಗೊತ್ತಿಲ್ಲ.

ಆ ದಿನ ಮನೆಗೆ ಬರುವತನಕ ನಿನ್ನ ಅಪ್ಪ ಕಾಡಪ್ಪ ಮಾವನದೇ ನೆನಪು. ದನದ ಸಂತೆಯ ಕಟ್ಟೆಯ ಮೇಲೆ ನಮ್ಮಿಬ್ಬರನ್ನೂ ಕೂಡಿಸಿಕೊಂಡು, ವಲ್ಲಿಯ ಕೆಳಗೆ ಕೈ ವ್ಯಾಪಾರ ಕಲಿಸುತ್ತಿದ್ದ. ಹಿಡಿದ ಬೆರಳಿನಷ್ಟು ನೂರು, ಅಂಗೈ ಗೀರಿದರೆ ನೂರರ ಅರ್ಧ. ಸುತ್ತ ನೂರು ಜನ ನಿಂತಿದ್ದರೂ ಬೆಲೆ ಇಬ್ಬರಿಗೇ ಗೊತ್ತು. ಸಾಲೆಯಲ್ಲಿ ಮಾಸ್ತರು ಏಳೆಂಟಲೇ ಎಷ್ಟೆಂದು ಕೇಳಿದಾಗ ನೀನು ಪಾಟಿಚೀಲದ ಕೆಳಗೆ ನನ್ನ ಬೆರಳು ಒತ್ತಿ ಐವತ್ತಾರು ಎಂದು ತಿಳಿಸಿದ್ದು ನೆನಪಿದೆಯೇ? ನಾನು ನಾಲ್ಕನೇ ಇಯತ್ತೆ ಪಾಸಾದದ್ದು ನಿನ್ನ ಬೆರಳಿನಿಂದ.

ಒಮ್ಮೆ ಪುಣೆಗೆ ಬಾ. ಮೋಟಾರಿನ ಬೆಲೆ ನೀನೇ ಮಾತಾಡು. ಹೋಗಿಬರುವ ಗಾಡಿಖರ್ಚು ನನ್ನದು.

ನಿನ್ನ
ಫಕೀರಪ್ಪ


ಬೈಲಹೊಂಗಲ
2 ನವೆಂಬರ್ 1936

ಶೇಟ್ ಫಕೀರಪ್ಪನವರಿಗೆ,

ತಮ್ಮ ಕಾಗದ ಮುಟ್ಟಿತು. ತಮ್ಮ ತಾಯಿ ಕಾಶವ್ವನ ಮಾತು ಅದರಲ್ಲಿ ಇದ್ದುದರಿಂದ ಒಲೆಗೆ ಹಾಕಲಿಲ್ಲ.

ತಾವು ಮೋಟಾರು ಕೊಳ್ಳುವುದು ಸಂತೋಷದ ಸಂಗತಿ. ಪುಣೆಯಂಥ ಶಹರದಲ್ಲಿ ಜಾಣರಿಗೆ ಬರವಿಲ್ಲ. ಎರಡೂ ಕಡೆ ತಿನ್ನುವ ಕೈಯನ್ನು ಗಾಡಿಖರ್ಚು ಕೊಟ್ಟು ಇಷ್ಟು ದೂರದಿಂದ ತರಿಸುವ ಗರಜು ಏನು?

ತಮ್ಮ ಕಾಗದದಲ್ಲಿ ಪಾಟಿಚೀಲವಿದೆ, ಮಾಸ್ತರಿದ್ದಾರೆ, ನಮ್ಮ ಅಪ್ಪನಿದ್ದಾನೆ. ಬೇವಿನ ಗಿಡ ಮಾತ್ರ ಇಲ್ಲ. ತಮಗೆ ಮರೆತಿರಬಹುದು, ನಾನೇ ನೆನಪು ಮಾಡಿಕೊಡುತ್ತೇನೆ. ಅಡತಿಯ ಗಾಡಿಗೆಂದು ಒಂದು ಜೋಡಿ ಎತ್ತು ಕೊಳ್ಳಲು ತಾವು ಪುಣೆಯಿಂದ ಬಂದಿದ್ದಿರಿ. ಬೆಲೆ ನಾನು ಮಾಡಿಸಿದೆ. ಎತ್ತು ಹೊಡೆದುಕೊಂಡು ಹೋದವರು ಅರ್ಧ ತಾಸಿನಲ್ಲಿ ಚಹದ ಅಂಗಡಿಯಿಂದ ತಿರುಗಿ ಬಂದಿರಿ. ಬೇವಿನ ಗಿಡದ ಕೆಳಗೆ ನಲವತ್ತು ಮಂದಿಯ ಮುಂದೆ ನಿಂತು ಕೂಗಿದಿರಿ: "ಈರ್ಯಾನ ಕೈ ಎರಡೂ ಕಡಿ ತಿಂತದ! ಎತ್ತು ಮಾರಿದಾವನ ಕಡಿಂದೂ ಹತ್ತು ರೂಪಾಯಿ ಇಸಗೊಂಡಾನ! ಗೆಳ್ಯಾ ಅಂತ ಸೈತ ನೋಡಲಿಲ್ಲ!"

ನಾನು ಆಗಲೇ ವಲ್ಲಿ ಕೊಡವಿ ಹೆಗಲಿಗೆ ಹಾಕಿಕೊಂಡು ಮನೆಗೆ ಹೋದೆ.

ದಲ್ಲಾಲನಿಗೆ ಹೊಲವಿಲ್ಲ, ಅಂಗಡಿಯಿಲ್ಲ, ಇರುವುದು ಒಂದು ಕೈ. ಅದಾದಮೇಲೆ ಎರಡು ವರ್ಷ ಈ ಸಂತೆಯಲ್ಲಿ ಯಾರೂ ನನ್ನ ವಲ್ಲಿಯ ಕೆಳಗೆ ಕೈ ಇಡಲಿಲ್ಲ. ಕಾಡಪ್ಪನ ಮಗ ಆಡು ಕುರಿಯ ಸಂತೆಯಲ್ಲಿ ನಿಂತ. ಈಗಲೂ ಅಲ್ಲೇ ನಿಲ್ಲುತ್ತೇನೆ. ಎತ್ತಿನ ಕಡೆಗೆ ಕರೆಯುವವರು ವರ್ಷಕ್ಕೆ ಒಬ್ಬರೋ ಇಬ್ಬರೋ, ಅವರೂ ಪರಊರಿನವರು.

ಮೊದಲ ಭೇಟಿಗೆ ಬೆಲೆಯ ಮಾತು ತೆಗೆಯಬಾರದೆಂಬುದು ಅಪ್ಪ ತಮಗೂ ಕಲಿಸಿದ್ದ. ತಾವು ಮೊದಲ ದಿನವೇ ಕೈ ಹಿಡಿದಿರಿ. ಇನ್ನು ಆ ಸೇಠ ಬಗ್ಗುವುದಿಲ್ಲ.

ಕಾಶವ್ವನಿಗೆ ನನ್ನ ಶರಣು ತಿಳಿಸಬೇಕು.

ಈರಬಸಪ್ಪ ಕಾಡಪ್ಪ, ದಲ್ಲಾಲ


ಪುಣೆ
20 ನವೆಂಬರ್ 1936

ಈರಬಸಪ್ಪ,

ನೀನು 'ತಾವು' ಎಂದು ಬರೆದದ್ದು ಬೈದದ್ದಕ್ಕಿಂತ ಹೆಚ್ಚು ಹತ್ತಿತು.

ನನ್ನದು ತಪ್ಪು. ಇದನ್ನು ಒಂಬತ್ತು ವರ್ಷ ಬಾಯಲ್ಲಿ ಇಟ್ಟುಕೊಂಡಿದ್ದೆ, ಈಗ ಕಾಗದದ ಮೇಲೆ ಇಡುತ್ತಿದ್ದೇನೆ. ಎತ್ತು ಮಾರಿದವನು ಚಹ ಕುಡಿಯುತ್ತ ಏನೋ ಅಂದ. ಅವನ ಹೆಸರೂ ನನಗೆ ಗೊತ್ತಿರಲಿಲ್ಲ. ಹುಟ್ಟಿದಾಗಿನಿಂದ ಬಲ್ಲವನನ್ನು ಒಂದು ಮಾತು ಕೇಳದೆ, ಗುರುತಿಲ್ಲದವನ ಮಾತು ಹಿಡಿದು ಕೂಗಿದೆ. ಮಿರಜ ದಾಟುವ ಮೊದಲೇ ರೈಲಿನಲ್ಲಿ ಪಶ್ಚಾತ್ತಾಪವಾಯಿತು. ಆದರೆ ಇಳಿದು ತಿರುಗಿ ಬರುವಷ್ಟು ಆಗಲಿಲ್ಲ. ನಿನ್ನ ಸಂತೆ ಹೋಯಿತೆಂಬುದು ನನಗೆ ಈಗಲೇ ಗೊತ್ತಾದದ್ದು. ನನ್ನನ್ನು ಕ್ಷಮಿಸು.

ಮೋಟಾರಿನ ಸುದ್ದಿ ಹೇಳುತ್ತೇನೆ, ಸಿಟ್ಟಿದ್ದರೂ ಓದು. ದಿಗಂಬರಪಂತ ನನ್ನನ್ನೂ ಅವ್ವನನ್ನೂ ಕೂಡಿಸಿಕೊಂಡು ಬಂಡ್ ಗಾರ್ಡನ್ ಸೇತುವೆ ದಾಟಿಸಿ ಯೆರವಡಾದತನಕ ಓಡಿಸಿದ. ಹೊಳೆಯ ಗಾಳಿಗೆ ಅವ್ವನ ಸೆರಗು ಹಾರುತ್ತಿತ್ತು. ಅವಳು ಅವನ ಬೆನ್ನು ತಟ್ಟಿ, "ತಮ್ಮಾ, ಏರು ಬಂದ್ರ ಉಸಿರು ಕಟ್ಟತದೇನ ಇದಕ್ಕ?" ಎಂದು ಕನ್ನಡದಲ್ಲೇ ಕೇಳಿದಳು. ಅವನು ತಿಳಿಯದೆ "ಹೋ ಆಜಿ, ಹೋ" ಎಂದು ಮರಾಠಿಯಲ್ಲಿ ಹೌದೆಂದುಬಿಟ್ಟ. ಇಳಿದಮೇಲೆ ಅವ್ವ ದೀಪಗಳ ಮೇಲೆ ಕೈಯಾಡಿಸಿ, ಟಾಯರು ಹಿಸುಕಿ, ಹಿಂದೆ ಹೋಗಿ ನಿಂತು ನೋಡಿ, "ನಡಿಗಿ ಛಲೋ ಅದ, ಈರ್ಯಾ ಏನಂತಾನೋ ನೋಡೂಣು" ಎಂದಳು. ನೀನು ಬರುತ್ತೀ ಎಂದೇ ಅವಳು ತಿಳಿದಿದ್ದಾಳೆ.

ಬೆಲೆ ಎರಡು ಸಾವಿರದ ಒಂಬೈನೂರು ಎಂದು ಹಲಗೆಗೆ ಬರೆದು ತೂಗುಹಾಕಿದ್ದಾರೆ. ಕಡಿಮೆ ಮಾಡೆಂದರೆ ದಿಗಂಬರಪಂತ "ಭಾವ ಏಕಚ, ಶೇಟ" ಎನ್ನುತ್ತಾನೆ. ಒಂದೇ ಬೆಲೆಯಂತೆ. ಹಾಗೆಂದು ನಮ್ಮ ಸಂತೆಯಲ್ಲಿ ಯಾರಾದರೂ ಅಂದಿದ್ದರೆ ಕಾಡಪ್ಪ ಮಾವ ಎಷ್ಟು ನಗುತ್ತಿದ್ದ!

ನೀನು ಬಂದರೆ ಆ ಹಲಗೆ ಕೆಳಗಿಳಿಯುತ್ತದೆ. ಬಾ.

ನಿನ್ನ ಫಕೀರ


ಬೈಲಹೊಂಗಲ
9 ಡಿಸೆಂಬರ್ 1936

ಫಕೀರಪ್ಪ,

ಕಾಶವ್ವ ಹಿಂದೆ ಹೋಗಿ ನಿಂತು ನೋಡಿದ್ದು ಓದಿ ನಕ್ಕೆ. ಎತ್ತಿನ ಹಿಂಗಾಲು ನೋಡದೆ ಬೆಲೆ ಮಾತಾಡಬಾರದೆಂದು ಅಪ್ಪನಿಗೆ ಹೇಳಿಕೊಟ್ಟವಳು ಅವಳೇ. ನಿಮ್ಮ ಮನೆಯ ಕಟ್ಟೆಯ ಮೇಲೆ ಅವಳು ಕೊಡುತ್ತಿದ್ದ ಬಿಸಿ ರೊಟ್ಟಿ, ಕೆಂಪು ಚಟ್ನಿ, ಗಡಿಗೆಯ ಮೊಸರು ಎಲ್ಲ ನೆನಪಾಯಿತು. ನನ್ನ ತಾಯಿ ಸತ್ತ ವರ್ಷ ನಾನು ಆ ಕಟ್ಟೆಯ ಮೇಲೇ ಬೆಳೆದೆ. ಇಬ್ಬರಿಗೂ ಒಂದೇ ಗಂಗಾಳ. ದೊಡ್ಡ ರೊಟ್ಟಿಗೆ ಯಾರ ಕೈ ಮೊದಲು ಹೋಗುತ್ತದೆ ಎಂದು ಜಗಳ.

ಆದರೂ ಬರುವುದಿಲ್ಲ.

ನೀನು ತಪ್ಪೆಂದು ಬರೆದೆ. ಒಳ್ಳೆಯದು. ಆ ಕಾಗದವನ್ನು ನಾನು ಓದಿದೆ, ಮಡಚಿ ಜಗಲಿಯ ಮೇಲಿಟ್ಟೆ. ಬೇರೆ ಯಾರು ಓದಿದರು? ಕಾಗದವೆಂದರೆ ವಲ್ಲಿಯ ಕೆಳಗಿನ ಮಾತು. ನೀನು ನನ್ನನ್ನು ಕಳ್ಳನೆಂದದ್ದು ವಲ್ಲಿಯ ಮೇಲೆ, ನಲವತ್ತು ಮಂದಿಯ ಎದುರಿಗೆ. ವಲ್ಲಿಯ ಮೇಲೆ ಆಡಿದ ಮಾತನ್ನು ವಲ್ಲಿಯ ಕೆಳಗೆ ತೀರಿಸಲು ಬರುವುದಿಲ್ಲ, ಫಕೀರ. ಇದು ನಮ್ಮ ಸಂತೆಯ ರೀತಿ, ನಾನು ಹೊಸದಾಗಿ ಮಾಡಿದ್ದಲ್ಲ.

ನನ್ನ ಮಗ ದೊಡ್ಡವನಾಗಿದ್ದಾನೆ. ಸಂತೆಯಲ್ಲಿ ನಿಲ್ಲು ಎಂದರೆ, "ಯಪ್ಪಾ, ನಿನ್ನ ಮಗಾ ಅಂದ್ರ ಯಾರು ಕೈ ಕೊಡ್ತಾರ?" ಎನ್ನುತ್ತಾನೆ. ಅವನಿಗೆ ಏನು ಹೇಳಬೇಕೆಂದು ನೀನೇ ಬರೆ.

ಅದೇ ಬೇವಿನ ಗಿಡದ ಕೆಳಗೆ ಬಂದು ನಿಂತು ಹೇಳು. ಆಮೇಲೆ ಪುಣೆಗೇನು, ಕಾಶಿಗೆ ಕರೆದರೂ ಬರುತ್ತೇನೆ.

ಈರಬಸಪ್ಪ


ಪುಣೆ
3 ಮಾರ್ಚ್ 1937

ಗೆಳೆಯ ಈರಬಸಪ್ಪನಿಗೆ,

ಮೂರು ತಿಂಗಳು ಉತ್ತರ ಬರೆಯಲಿಲ್ಲ. ನಿನ್ನ ಕಾಗದ ಓದಿ ಸಿಟ್ಟು ಬಂತು. ಪೇಠೆಯಲ್ಲಿ ನಾಲ್ಕು ಜನ ಎದ್ದು ನಿಂತು ಮಾತಾಡಿಸುವ ಮನುಷ್ಯ ನಾನು, ದನದ ಸಂತೆಯಲ್ಲಿ ಕಿವಿ ಹಿಡಿದುಕೊಳ್ಳಲೇ ಅನ್ನಿಸಿತು. ಈರ್ಯಾ ಇಲ್ಲದೆ ಮೋಟಾರು ಬರುವುದಿಲ್ಲವೇ, ನೋಡಿಯೇ ಬಿಡೋಣವೆಂದು ಹಟ ಹಿಡಿದೆ. ಆ ಹಟದ ಕಥೆ ಕೇಳು.

ಡಿಸೆಂಬರಿನಲ್ಲಿ ಹೋಗಿ ಎರಡು ಸಾವಿರದ ಆರುನೂರಕ್ಕೆ ಕೇಳಿದೆ. ದಿಗಂಬರಪಂತ ತಲೆಯಾಡಿಸಿದ. ಸರಿ, ನಮ್ಮ ಪದ್ಧತಿಯಂತೆ ಎದ್ದು ಹೊರಟೆ. ಸಂತೆಯಲ್ಲಾದರೆ ಮೂರನೆಯ ಹೆಜ್ಜೆಗೆ "ಬರ್ರಿ, ಬರ್ರಿ, ಹಿಂಗ್ಯಾಕ ಸಿಟ್ಟಾಗ್ತೀರಿ" ಎಂದು ಹಿಂದಿನಿಂದ ಕರೆಯುತ್ತಾರೆ. ಬಾಗಿಲತನಕ ಹೋದೆ, ಕರೆಯಲಿಲ್ಲ. ಹೊರಗೆ ನಿಂತು ಎಲೆ ಅಡಿಕೆ ಹಾಕಿಕೊಂಡೆ. ಕರೆಯಲಿಲ್ಲ. ಮೇನ್ ಸ್ಟ್ರೀಟಿನ ತುದಿಯವರೆಗೆ ಹಿಂದೆ ತಿರುಗಿ ನೋಡುತ್ತ ನಡೆದೆ. ಒಬ್ಬ ಗೋರಾ ಸಿಪಾಯಿ ನನಗೆ ಡಿಕ್ಕಿ ಹೊಡೆದು ಬೈದ, ಅಷ್ಟೇ. ಜನವರಿಯಲ್ಲಿ ಇನ್ನೊಮ್ಮೆ ಹೋಗಿ ಇನ್ನೊಮ್ಮೆ ಎದ್ದು ಬಂದೆ. ಅವನು ಬಾಗಿಲು ತೆಗೆದು ಹಿಡಿದು ನಮಸ್ಕಾರ ಮಾಡಿ ಕಳಿಸಿದ. ಫೆಬ್ರುವರಿಯಲ್ಲಿ ಮೂರನೆಯ ಸಲ ಹೋದಾಗ ಹಲಗೆ ಬದಲಾಗಿತ್ತು. ಹೊಸ ವರ್ಷದ ಮಾಲು, ಬೆಲೆ ಮೂರು ಸಾವಿರದ ಮೇಲೆ. ಆಗ ತಿರುಗಿ ಬರಲು ನಾಚಿಕೆಯಾಗಿ, ಹಲಗೆಯ ಮೇಲಿನಷ್ಟನ್ನೂ ಕೊಟ್ಟು ತಂದೆ.

ಇಲ್ಲಿ ಪೇಠೆಯಲ್ಲಿ ಎಲ್ಲರೂ "ಎಷ್ಟಕ್ಕ ಹೊಡದ್ರಿ ಸೇಠ್ಜಿ?" ಎಂದು ಕೇಳಿದರು. ಎರಡು ಸಾವಿರದ ಆರುನೂರು ಎಂದೆ. ಒಮ್ಮೆ ಬಾಯಿಂದ ಬಂದಮೇಲೆ ಎಲ್ಲರಿಗೂ ಅಷ್ಟೇ ಹೇಳಬೇಕಾಯಿತು. ಖರೇ ಬೆಲೆ ನಿನಗೂ ಬರೆಯುವುದಿಲ್ಲ, ಟಪಾಲು ಯಾರ ಯಾರ ಕೈಯಲ್ಲಿ ಹೋಗುತ್ತದೋ. ಅವ್ವನಿಗೂ ಎರಡು ಸಾವಿರದ ಆರುನೂರೇ. ಅವಳು, "ಈರ್ಯಾ ಬಂದಿದ್ನೇನ?" ಎಂದಳು. ಇಲ್ಲ ಎಂದೆ. "ಹಂಗಾರ ನಾ ಹತ್ತಾಂಗಿಲ್ಲ" ಎಂದಳು.

ಮೋಟಾರು ಬಂದು ಹದಿನೈದು ದಿನವಾಯಿತು. ಯಾರಿಗಾಗಿ ತಂದೆನೋ ಅವಳು ಇನ್ನೂ ಅದರೊಳಗೆ ಕಾಲಿಟ್ಟಿಲ್ಲ. ಪೇಠೆಯವರೆಲ್ಲ ಅದರಲ್ಲಿ ಕೂತು ನೋಡಿ ಹೊಗಳಿ ಹೋದರು. ನನಗೆ ಮಾತ್ರ ಅದರ ಬಗ್ಗೆ ಖರೇ ಮಾತಾಡಲು ಒಬ್ಬನೂ ಇಲ್ಲ. ನೀನಿಲ್ಲದೆ ನನಗೆ ಬೇಸರವಾಗಿದೆ, ಈರಬಸಪ್ಪ. ಇದನ್ನು ಮೊದಲ ಕಾಗದದಲ್ಲೇ ಬರೆಯಬೇಕಿತ್ತು.

ಬರುವ ವಾರದ ಸಂತೆಗೆ ಬರುತ್ತೇನೆ. ಡ್ರೈವರ್ ಬಾಳಕೃಷ್ಣ ಕೊಲ್ಹಾಪುರದಲ್ಲಿ ಒಂದು ವಸ್ತಿ ಮಾಡಿ ಮರುದಿನ ಮುಟ್ಟಿಸುತ್ತಾನಂತೆ. ಬೇವಿನ ಗಿಡದ ಕೆಳಗೆ ನಿಲ್ಲು.

ಫಕೀರ


ಬೈಲಹೊಂಗಲ
28 ಮಾರ್ಚ್ 1937

ಗೆಳೆಯಾ ಫಕೀರ,

ನೀನು ಹೋಗಿ ಎರಡು ಸಂತೆ ಕಳೆದವು. ಬರೆಯಲು ಕೂತು ಮೂರು ಸಲ ಎದ್ದೆ. ಈಗ ಬರೆದೇ ಏಳುತ್ತೇನೆ.

ಆ ದಿನ ನೀನು ಮೋಟಾರಿನ ಫುಟ್‌ಬೋರ್ಡಿನ ಮೇಲೆ ಹತ್ತಿ ನಿಂತೆ. ಮೋಟಾರು ನೋಡಲು ಸಂತೆಗೆ ಸಂತೆಯೇ ನೆರೆದಿತ್ತು. ನಲವತ್ತಲ್ಲ, ನಾನೂರು ಮಂದಿ. ನೀನು ಕೂಗಿದೆ: "ಮಂದಿ ಎಲ್ಲಾ ಕೇಳ್ರಿ! ಈರಬಸಪ್ಪನ ಕೈ ಎರಡೂ ಕಡಿ ತಿಂತದ ಅಂತ ಇಲ್ಲೇ ನಿಂತು ಅಂದಿದ್ದೆ. ಸುಳ್ಳ ಅಂದಿದ್ದೆ. ಅವನ ಕೈ ಸ್ವಚ್ಛ ಅದ. ತಪ್ಪು ನಂದು." ನನ್ನ ಮಗ ಪಕ್ಕದಲ್ಲೇ ಇದ್ದ. ಅವನು ಕಣ್ಣೊರೆಸಿಕೊಂಡ. ನಾನು ನೆಲ ನೋಡುತ್ತಿದ್ದೆ.

ಮಂದಿ ಮೋಟಾರಿಗೆ ಎಷ್ಟಾಯಿತೆಂದು ಗದ್ದಲ ಹಾಕಿದರು. ನಾನು ವಲ್ಲಿ ಹೊದಿಸಿದೆ, ನೀನು ಕೈ ಕೊಟ್ಟೆ. ನೀನು ಸಾವಿರದ ಲೆಕ್ಕದಲ್ಲಿ ಮೂರು ಬೆರಳು ಒತ್ತಿ, ಮೇಲೆ ಅಂಗೈ ಗೀರಿ ಐವತ್ತು ತೋರಿಸಿದೆ. ನಿನ್ನ ಕೈ ಬೆವೆತಿತ್ತು. ಮೂರು ಸಾವಿರದ ಐವತ್ತು! ಫಕೀರ, ಆ ಪೈಸೆಗೆ ಇಲ್ಲಿ ಒಂದು ಊರಿಗಾಗುವಷ್ಟು ಎತ್ತು ಬರುತ್ತಿದ್ದವು. ಆದರೂ ನಾನು ತಲೆಯೆತ್ತಿ, "ಭಲೇ! ನನ್ನ ಕೈಲೂ ಇಷ್ಟು ಸೋವಿ ಆಗತಿರ್ಲಿಲ್ರೋ!" ಎಂದು ಕೂಗಿದೆ. ಮಂದಿ ನಿನ್ನ ಬೆನ್ನು ತಟ್ಟಿದರು. ಆ ಸುಳ್ಳು ನನಗೆ ಎಷ್ಟು ಸಲೀಸಾಗಿ ಬಂತೆಂದರೆ, ಮನೆಗೆ ನಡೆಯುತ್ತ ಅದನ್ನೇ ಯೋಚಿಸಿದೆ. ಗೆಳೆಯನ ಮಾನಕ್ಕಾಗಿ ನಾನು ಗೊತ್ತಿದ್ದು ಸುಳ್ಳು ಹೇಳಿದೆ. ನೀನು ನನ್ನ ಮಾನಕ್ಕಾಗಿ ಗೊತ್ತಿಲ್ಲದೆ ಸುಳ್ಳು ಹೇಳಿದೆ.

ಆ ಹತ್ತು ರೂಪಾಯಿ ನಾನು ತೆಗೆದುಕೊಂಡಿದ್ದೆ.

ನನ್ನ ಕಾಗದಗಳನ್ನು ತೆಗೆದು ನೋಡು. ತೆಗೆದುಕೊಂಡಿಲ್ಲವೆಂದು ಎಲ್ಲಿಯೂ ಬರೆದಿಲ್ಲ. ನೀನು ಕೂಗಿದೆ, ನೀನು ಕೂಗಿದೆ ಎಂದಷ್ಟೇ ಬರೆದಿದ್ದೇನೆ. ಗೆಳೆಯನಿಗೆ ಮಾಡಿಸುವ ವ್ಯಾಪಾರದಲ್ಲಿ ಎದುರಿನವನ ಕಡೆಯಿಂದ ಮುಟ್ಟಬಾರದು, ಅದು ಅಪ್ಪ ಹಾಕಿದ ಗೆರೆ. ಆ ದಿನ ನನಗೆ ಬಡತನವೇನೂ ಇರಲಿಲ್ಲ. ನೀನು ಪುಣೆಯ ಕೋಟು ಹಾಕಿಕೊಂಡು ಇಬ್ಬರು ವ್ಯಾಪಾರಿಗಳ ಜೊತೆ ಬಂದಿದ್ದೆ. ನಾನು ಯಾರೆಂದು ಅವರು ಕೇಳಿದರು. "ಹಾ ಆಮಚಾ ದಲಾಲ" ಎಂದೆ ನೀನು. ನಮ್ಮ ದಲ್ಲಾಲ. ಗೆಳೆಯ ಎನ್ನಲಿಲ್ಲ. ಮರಾಠಿ ನನಗೆ ತಿಳಿಯುವುದಿಲ್ಲವೆಂದು ತಿಳಿದಿದ್ದೆಯೇನೋ. ದಲ್ಲಾಲನಾದರೆ ದಲ್ಲಾಲನಂತೆಯೇ ಇರೋಣವೆಂದು ಹತ್ತು ರೂಪಾಯಿ ಇಸಿದುಕೊಂಡೆ. ಆಮೇಲೆ ನೀನು ಕೂಗಿದಾಗ ಖರೇ ಹೇಳಲು ಬಾಯಿ ಬರಲಿಲ್ಲ, ಸುಳ್ಳು ಹೇಳಲೂ ಬರಲಿಲ್ಲ. ವರ್ಷ ಕಳೆದಂತೆ ನನ್ನದೇನೂ ತಪ್ಪಿಲ್ಲವೆಂದು ನಾನೇ ನಂಬಿಬಿಟ್ಟೆ. ನಿನ್ನನ್ನು ಸಂತೆಗೆ ಬಂದು ನಿಲ್ಲೆಂದು ಹಟ ಮಾಡಿದ್ದು ಆ ನಂಬಿಕೆಯಿಂದಲೇ.

ಈಗ ಎತ್ತಿನ ಸಂತೆಯವರು ನನ್ನನ್ನು ಕರೆಯುತ್ತಿದ್ದಾರೆ. ಕಳೆದ ವಾರ ನಾಲ್ಕು ಜೋಡಿ ಮಾಡಿಸಿದೆ. ಒಬ್ಬೊಬ್ಬರು ಕೈ ಕೊಟ್ಟಾಗಲೂ ನಿನ್ನ ಬೆವೆತ ಕೈ ನೆನಪಾಗುತ್ತದೆ. ನಾಲ್ಕು ಜನರೆದುರು ನಿಂತು ಹೇಳುವ ಧೈರ್ಯ ನನಗಿಲ್ಲ. ನಿನಗೆ ಹೇಳಿದ್ದೇನೆ. ನೀನು ಬಂದು ಇನ್ನೊಮ್ಮೆ ಕೂಗಿದರೆ ಈ ಸಲ ಹೌದೆನ್ನುತ್ತೇನೆ.

ಈರ್ಯಾ


ಪುಣೆ
4 ಏಪ್ರಿಲ್ 1937

ಈರ್ಯಾ,

ನಾನು ಇನ್ನೊಮ್ಮೆ ಕೂಗುವುದಿಲ್ಲ. ಪೆಟ್ರೋಲು ತುಟ್ಟಿ.

ನಿನ್ನ ಕಾಗದವನ್ನು ಅಡತಿಯ ಗಾದಿಯ ಮೇಲೆ ಕೂತು ಓದಿದೆ. ಹತ್ತು ರೂಪಾಯಿಯ ಸಾಲು ಓದಿದಾಗ ಒಂದು ಕ್ಷಣ ಹಳೆಯ ಸಿಟ್ಟು ಎದ್ದು ನಿಂತದ್ದು ಖರೇ. ಮುಂದಿನ ಸಾಲಿಗೆ ಬಂದಾಗ ಅದು ಕೂತುಬಿಟ್ಟಿತು. ನಿನ್ನನ್ನು ದಲಾಲ ಎಂದದ್ದು ನನಗೆ ನೆನಪೇ ಇಲ್ಲ. ಎಷ್ಟು ತಡಕಾಡಿದರೂ ಇಲ್ಲ. ನಾನು ಮರೆತುಬಿಡುವಷ್ಟು ಸಹಜವಾಗಿ ಅಂದಿದ್ದೆನೆಂದಾಯಿತು. ನಿನ್ನ ಹತ್ತು ರೂಪಾಯಿಗಿಂತ ನನಗೆ ಅದರ ನಾಚಿಕೆ ಹೆಚ್ಚು. ನಿನ್ನ ಬೆರಳಿನಿಂದ ನಾಲ್ಕನೇ ಇಯತ್ತೆ ಪಾಸಾದ ಸಂಗತಿಯನ್ನು ಆ ಇಬ್ಬರು ವ್ಯಾಪಾರಿಗಳಿಗೆ ಹೇಳಿದ್ದರೆ ನನ್ನ ಕೋಟಿನ ಗುಂಡಿಯೇನೂ ಕಳಚಿ ಬೀಳುತ್ತಿರಲಿಲ್ಲ.

ಎಲ್ಲವನ್ನೂ ಅವ್ವನಿಗೆ ಹೇಳಿದೆ. ಹತ್ತು ರೂಪಾಯಿ ಹೇಳಿದೆ, ದಲಾಲ ಎಂದದ್ದನ್ನು ಹೇಳಿದೆ, ಮೂರು ಸಾವಿರದ ಐವತ್ತನ್ನೂ ಹೇಳಿದೆ. ಅವಳು ಅಕ್ಕಿ ಆರಿಸುತ್ತಿದ್ದಳು. ಕಣ್ಣು ಕಾಣದಿದ್ದರೂ ಬೆರಳಿನಿಂದಲೇ ಹರಳು ಹುಡುಕುತ್ತಾಳೆ. ಮೋಟಾರಿನ ಬೆಲೆಯನ್ನು ಬದಿಗೆ ಬಿಟ್ಟು, ಮೊರ ಕೆಳಗಿಟ್ಟು ಕೇಳಿದಳು:

"ಹತ್ತು ರೂಪಾಯಿಗೆ ಒಂಬತ್ತು ವರ್ಷಾ ಕೊಟ್ರೇನೋ? ಇಬ್ರೂ ವ್ಯಾಪಾರ ಕಲ್ತೀರಿ ಅಂತ ತಿಳಿದಿದ್ನೆಲ್ಲೋ ನಾ!"

 ಮುಂದಿನ ಗುರುವಾರದ ರೈಲಿಗೆ ಬಾ. ಅವಳು ನಿನ್ನನ್ನು ಕರೆತರಲು ಸ್ಟೇಶನ್ನಿಗೆ ಮೋಟಾರಿನಲ್ಲೇ ಬರುತ್ತಾಳಂತೆ.

ನಿನ್ನ
ಫಕೀರ